ಚಂಬಣ್ಣನ ಮಾಲೀಸು ಮಂಚ

ನಾನು ಒಂದು ಮಂಚ. ಆದರೆ ನನ್ನ ಮೇಲೆ ಯಾರೂ ರಾತ್ರಿ ಕಳೆದಿಲ್ಲ. ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸು ಮಲಗಿ ಎದ್ದು ಹೋಗುತ್ತಾರೆ. ಸಾವು ನನ್ನ ಹತ್ತಿರ ಬಂದದ್ದು ಒಂದೇ ಸಲ, ಅದೂ ಹಗಲು ಹತ್ತು ಗಂಟೆಗೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮೌನೇಶ ಬಡಿಗೇರನ ಅಂಗಡಿಯಲ್ಲಿ. ಕೆಡವಿದ ಗೋದಾಮೊಂದರ ಸಾಗುವಾನಿ ತೊಲೆಗಳನ್ನು ಸೀಳಿ ಆತ ನನ್ನನ್ನು ಮಾಡಿದ. ಮಾಡಿಸಿದವನು ಚಂಬಣ್ಣ. ಎತ್ತರ ಎಷ್ಟಿರಬೇಕು ಎಂದು ಮೌನೇಶ ಕೇಳಿದಾಗ ಚಂಬಣ್ಣ ನೆಟ್ಟಗೆ ನಿಂತು, ಕೈ ಕೆಳಗೆ ಬಿಟ್ಟು, ಮುಷ್ಟಿ ಬಿಗಿದು, "ಇಲ್ಲಿಗೆ ಬರ್ಬೇಕು ನೋಡ್ರಿ," ಎಂದ. ತಲೆಯ ಕಡೆ ಅಂಗೈ ಅಗಲದ ತೂತು ಬೇಕೆಂದೂ ಹೇಳಿದ.

"ಮಂಚಕ್ಕ ತೂತು ಕೊರಿಸಿದವ್ರು ನೀವ ಮೊದಲಿಗರು ಬಿಡ್ರಿ," ಎಂದು ಮೌನೇಶ ನಕ್ಕ.

"ಬೋರಲ ಮಲಗಿದಾಗ ಉಸುರಾಡಾಕ ಬೇಕಲ್ಲ. ಕುತ್ತಿಗಿ ಒಂದ ಕಡೆ ತಿರುವಿದ್ರ ನಾ ಸಡಲ ಮಾಡಿದ್ದೆಲ್ಲ ಹೊಳ್ಳಿ ಬಿಗೀತೈತಿ."

ಹೀಗೆ ನನಗೊಂದು ಕಣ್ಣು ಬಂತು. ಆ ತೂತಿನಿಂದ ನನಗೆ ಕಾಣುವುದು ಕೆಳಗಿನ ನೆಲ, ನಿಂತವರ ಪಾದ, ಬಿಟ್ಟ ಚಪ್ಪಲಿ. ಯಾರಾದರೂ ಬೋರಲು ಮಲಗಿದರೆ ಅವರ ಮುಖ. ಮಿಕ್ಕಿದ್ದನ್ನೆಲ್ಲ ನಾನು ಭಾರದಿಂದ, ಬಿಸಿಯಿಂದ, ಸಪ್ಪಳದಿಂದ ತಿಳಿಯುತ್ತೇನೆ.

ಚಂಬಣ್ಣನೂ ಹೆಚ್ಚುಕಡಿಮೆ ಹಾಗೆಯೇ. ಆತನಿಗೆ ಹುಟ್ಟಿನಿಂದ ಕಣ್ಣಿಲ್ಲ. ಗದಗ ಸೀಮೆಯಲ್ಲಿ ಕಣ್ಣಿಲ್ಲದ ಹುಡುಗನೆಂದರೆ ಹಾಡಬೇಕು, ಇಲ್ಲವೇ ತಬಲಾ ಬಾರಿಸಬೇಕು ಎಂದೇ ಎಲ್ಲರ ಎಣಿಕೆ. ಚಂಬಣ್ಣನನ್ನೂ ಸಂಗೀತಕ್ಕೆ ಹಚ್ಚಿದ್ದರು. ನಾಲ್ಕು ವರ್ಷವಾದರೂ ಸ್ವರ ನಿಲ್ಲಲಿಲ್ಲ. "ಗುರುಗಳ ಕಾಲು ಒತ್ತಾಕ ಮಾತ್ರ ನನ್ನನ್ನ ಕರೀತಿದ್ರು. ಅಲ್ಲೇ ಗೊತ್ತಾತು, ನನ್ನ ವಿದ್ಯಾ ಗಂಟಲದಾಗಿಲ್ಲ, ಬೆರಳಾಗೈತಿ ಅಂತ," ಎನ್ನುತ್ತಿದ್ದ. ಆಮೇಲೆ ಅಂಧರ ತರಬೇತಿ ಶಾಲೆಯೊಂದರಲ್ಲಿ ಎರಡು ವರ್ಷ ಮಾಲೀಸು ಕಲಿತು, ಎಲುಬು, ಸ್ನಾಯು, ನರಗಳ ಹೆಸರನ್ನೆಲ್ಲ ಬ್ರೈಲ್ ಉಬ್ಬಕ್ಷರದಲ್ಲಿ ಓದಿ, ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದ.

ಕುತ್ತಿಗೆ ತಿರುಗಿಸಲಾಗದ ದರ್ಜಿಗಳು ಬರುತ್ತಿದ್ದರು. ಮಾರುಕಟ್ಟೆಯ ಹಮಾಲರು ಬರುತ್ತಿದ್ದರು. ತಲೆನೋವಿನ ಬ್ಯಾಂಕ್ ಗುಮಾಸ್ತನೊಬ್ಬ ಪ್ರತಿ ಶನಿವಾರ ಬರುತ್ತಿದ್ದ. ತಿಂಗಳಿಂದ ನಿದ್ದೆ ಇಲ್ಲವೆಂದು ಬಂದ ಕನ್ನಡ ಶಾಲೆಯ ಮಾಸ್ತರರೊಬ್ಬರು ಕಾಲು ತಾಸಿನಲ್ಲಿ ಗೊರಕೆ ಹೊಡೆದರು. ಎದ್ದ ಮೇಲೆ, "ಇದರಿಂದ ಸಕ್ಕರೆ ಕಾಯಿಲೆನೂ ಹೋಗ್ತೈತೇನ್ರಿ?" ಎಂದು ಕೇಳಿದರು.

"ಇಲ್ರಿ ಸರ್," ಎಂದ ಚಂಬಣ್ಣ. "ಹೋಗ್ತೈತಿ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ಬಿಗದದ್ದು ಸಡಲ ಆಗತೈತಿ, ನೋವು ಕಡಿಮಿ ಆಗತೈತಿ, ನಿದ್ದಿ ಬರತೈತಿ. ಗುಳಿಗಿ ಬಿಡಬ್ಯಾಡ್ರಿ."

ನನಗೆ ಆರು ವರ್ಷವಾಗಿದ್ದಾಗ ಮಾಬುಸಾಬ ಬಂದ. ಸರ್ಕಾರಿ ಬಸ್ಸಿನ ಡ್ರೈವರ್. ವಯಸ್ಸು ಐವತ್ತರ ಹತ್ತಿರ. ಎರಡು ತಿಂಗಳ ಹಿಂದೆ ಅಣ್ಣಿಗೇರಿ ರಸ್ತೆಯಲ್ಲಿ ತಪ್ಪು ದಿಕ್ಕಿನಿಂದ ನುಗ್ಗಿದ ಲಾರಿಯೊಂದು ಆತನ ಬಸ್ಸಿಗೆ ಬಡಿದಿತ್ತು. ಬಲಗಾಲಿನ ಎಲುಬು ಮುರಿದಿತ್ತು. ಬಾಗಿಲ ಹತ್ತಿರ ನಿಂತಿದ್ದ ಕಂಡಕ್ಟರ್ ಶಿವರಾಯ ಅಲ್ಲೇ ತೀರಿಕೊಂಡಿದ್ದ. ಒಂಬತ್ತು ವರ್ಷ ಇಬ್ಬರೂ ಒಂದೇ ಗಾಡಿಯಲ್ಲಿ ದುಡಿದವರು. ವಿಚಾರಣೆಯಲ್ಲಿ ತಪ್ಪು ಲಾರಿಯದೆಂದು ತೀರ್ಮಾನವಾಗಿತ್ತು. ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಎಲುಬು ಕೂಡಿದೆ, ಇನ್ನು ತಿಕ್ಕಿಸಿ ಸಡಿಲ ಮಾಡಿಕೊಳ್ಳಿ ಎಂದು ಡಾಕ್ಟರರೇ ಬರೆದು ಕೊಟ್ಟಿದ್ದರು. ಆದರೂ ಪಾದ ಕಟ್ಟಿಗೆಯ ಹಾಗೆ ಬಿಗಿದೇ ಇತ್ತು.

"ಇಪ್ಪತ್ತ ದಿನ ಬಿಟ್ಟು ಗಾಡಿ ಓಡಿಸಿ ತೋರಿಸಬೇಕ್ರಿ," ಎಂದ ಮಾಬುಸಾಬ. "ಆಗಲಿಲ್ಲಂದ್ರ ಡಿಪೋ ಗೇಟ್ ಕಾಯಾಕ ಹಾಕ್ತಾರ. ಇಪ್ಪತ್ತಾರ ವರ್ಷ ಸ್ಟೇರಿಂಗ್ ಹಿಡದಾಂವ ನಾ."

ಮೊದಲ ದಿನ ಚಂಬಣ್ಣ ಎಳ್ಳೆಣ್ಣೆ ಬಿಸಿ ಮಾಡಿ, ಸೊಂಟದಿಂದ ಶುರುಮಾಡಿ ನಿಧಾನ ಕೆಳಗಿಳಿದ. ತೊಡೆ, ಮೊಣಕಾಲು, ಮೀನಖಂಡ, ಎಲ್ಲ ಸುಮ್ಮನಿದ್ದವು. ಅಂಗಾಲಿನ ನಡುವೆ ಹೆಬ್ಬೆರಳು ಊರಿದ್ದೇ ತಡ, ಆ ಕಾಲು ತಾನಾಗಿಯೇ ಝಾಡಿಸಿ ಕೆಳಗೆ ಒದ್ದಿತು. ನನ್ನ ಹಲಗೆ ನಡುಗಿತು. ಮಾಬುಸಾಬನ ಇಡೀ ಮೈ ಗಡುಸಾಯಿತು. ತೂತಿನಲ್ಲಿದ್ದ ಮುಖದ ಕಣ್ಣು ಅಗಲವಾಗಿ ತೆರೆದು ನೆಲವನ್ನು ನೋಡುತ್ತಿತ್ತು.

"ನೋವಾತೇನ್ರಿ?" ಎಂದು ಚಂಬಣ್ಣ ಕೇಳಿದ.

"ಇಲ್ರಿ."

ದಿನ ಬಿಟ್ಟು ದಿನ ಬರತೊಡಗಿದ. ಪ್ರತಿ ಸಲವೂ ಅಂಗಾಲಿಗೆ ಬಂದಾಗ ಅದೇ ಒದೆತ. ಐದನೆಯ ಸಲ ಚಂಬಣ್ಣ ಅಂಗಾಲನ್ನು ಒತ್ತಲೇ ಇಲ್ಲ. ಎರಡೂ ಅಂಗೈಯಲ್ಲಿ ಅದನ್ನು ಹಿಡಿದುಕೊಂಡು ಸುಮ್ಮನೆ ನಿಂತ. ಹೊರಗೆ ಬಸ್ಸುಗಳ ಹಾರ್ನು ಕೇಳುತ್ತಿತ್ತು. ಮಾಬುಸಾಬ ಮುಖ ಮೇಲೆತ್ತದೆ ಮಾತಾಡಿದ.

"ಬ್ರೇಕ್ ಹೊಡದ್ನೋ ಇಲ್ಲೋ ನನಗ ಗೊತ್ತಿಲ್ರಿ ಚಂಬಣ್ಣಾರ. ಎಲ್ಲಾರೂ ಹೊಡದಿ ಅಂತಾರ. ಆ ಒಂದ ಗಳಿಗಿ ನನಗ ನೆನಪ ಇಲ್ಲ. ದಿನಾ ಹಾಸಿಗ್ಯಾಗ ಕಾಲು ಒದೀತೈತಿ. ಬಾಜೂಕ ಮಲಗಾಕ ನನ್ನ ಹೇಣ್ತಿ ಬೀಬಿಜಾನಗ ಆಗವಲ್ದು."

ಕಣ್ಣೀರು ಮೂಗಿನ ತುದಿಯಿಂದ ನೆಲಕ್ಕೆ ಬಿತ್ತು. ಒಂದು, ಎರಡು, ಆಮೇಲೆ ಸಾಲಾಗಿ. ಚಂಬಣ್ಣನ ಕಿವಿ ಬಲು ಸೂಕ್ಷ್ಮ. ಆತ ಪಾದ ಬಿಡದೆ, "ಶಿವರಾಯನ ಮನ್ಯಾಗ ಯಾರಾರ ಅದಾರ?" ಎಂದು ಕೇಳಿದ.

"ಅವ್ವ ಅದಾಳ. ಹುಮನಾಬಾದ ಕಡೆ ಹಳ್ಳಿ. ಶಿವರಾಯನ್ನ ಮಣ್ಣ ಮಾಡೂಮುಂದೂ ನನಗ ಹೋಗಾಕ ಆಗಲಿಲ್ಲ, ದವಾಖಾನ್ಯಾಗಿದ್ದೆ."

ಆ ದಿನದಿಂದ ಆತನಿಗೆ ಸ್ವಲ್ಪ ನಿದ್ದೆ ಹತ್ತಿತು. ಪಾದದ ಕೀಲು ಬಾಗತೊಡಗಿತು. ಕೋಲು ಬಿಟ್ಟು ಬಂದ. ಪರೀಕ್ಷೆಗೆ ಇನ್ನು ನಾಲ್ಕು ದಿನವಿದ್ದಾಗ ಬರಬೇಕಾದವನು ಬರಲಿಲ್ಲ. ಮೂರು ದಿನ ಪತ್ತೆಯೇ ಇಲ್ಲ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಂದ. ಪಾದ ಎಳೆದು ಹಾಕುವ ಸಪ್ಪಳ ಓಣಿಯಿಂದಲೇ ಕೇಳಿಸಿತು.

"ಜಲ್ದಿ ಮಾಡ್ರಿ. ನಾಳೆ ಹತ್ತಕ್ಕ ಪರೀಕ್ಷಾ. ಕಾಲು ಹೊಳ್ಳಿ ಬಿಗದೈತಿ. ಇವತ್ತ ಜೋರ ಹಾಕಿ ತಿಕ್ರಿ."

ಆತ ನನ್ನ ಮೇಲೆ ಮಲಗಿದಾಗಲೇ ನನಗೆ ಏನೋ ಬೇರೆ ಅನಿಸಿತು. ಎಡಗಾಲು ಎಂದಿನಂತಿತ್ತು. ಬಲಗಾಲು ಮೊಣಕಾಲಿನಿಂದ ಕೆಳಗೆ ಭಾರವಾಗಿ, ಒಲೆಯ ಪಕ್ಕದ ಗೋಡೆಯ ಹಾಗೆ ಬೆಚ್ಚಗೆ ನನ್ನ ಹಲಗೆಗೆ ಒತ್ತಿಕೊಂಡಿತ್ತು. ಚಂಬಣ್ಣ ಎಣ್ಣೆ ಹಚ್ಚಿದ ಕೈಯನ್ನು ಅದರ ಮೇಲಿಟ್ಟ. ಇಟ್ಟವನೇ ತೆಗೆದುಬಿಟ್ಟ. ಮತ್ತೆ ಬೆರಳ ಹಿಂಬದಿಯಿಂದ ಒಂದು ಕಾಲು, ಇನ್ನೊಂದು ಕಾಲು ಮುಟ್ಟಿದ.

"ಮೂರ ದಿನ ಎಲ್ಲಿ ಹೋಗಿದ್ರಿ?"

"ಶಿವರಾಯನ ಊರಿಗೆ."

"ಹೆಂಗ ಹೋದ್ರಿ?"

"ಬಸ್ಸಿನ್ಯಾಗ. ಹೋಗೂದು ಹತ್ತ ತಾಸು, ಬರೂದು ಹತ್ತ ತಾಸು. ಕಿಡಕಿ ಬಾಜೂಕ ಕುಂತ್ನಿ, ಕಾಲು ಚಾಚಾಕ ಜಾಗ ಇರಲಿಲ್ಲ. ಅದನ್ನ್ಯಾಕ ಕೇಳ್ತೀರಿ, ತಿಕ್ರಿ ಮದ್ಲ."

"ಇವತ್ತ ನಾ ಕೈ ಹಚ್ಚೂದಿಲ್ರಿ."

ಮಾಬುಸಾಬ ಎದ್ದು ಕುಳಿತ. ಚಂಬಣ್ಣ ಬಿಡಿಸಿ ಹೇಳಿದ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಗಡ್ಡೆ ಕಿತ್ತು ಮೇಲೆ ಎದೆಗೆ ಹೋಗಿ ಜೀವ ತೆಗೆಯಬಹುದು. ಈಗಲೇ ದವಾಖಾನೆಗೆ ಹೋಗಬೇಕು.

"ಇರಬಹುದು ಅಂತೀರಿ. ಐತಿ ಅಂತ ಖಾತ್ರಿ ಐತೇನು ನಿಮಗ?"

"ಇಲ್ಲ."

"ಖಾತ್ರಿ ಇಲ್ದ ಮಾತಿಗೆ ನನ್ನ ನೌಕರಿ ಕಳೀತೀರೇನ್ರಿ? ದವಾಖಾನಿಗೆ ಹೋದ್ರ ಮಲಗಿಸ್ಕೊಂತಾರ. ನಾಳೆ ಪರೀಕ್ಷಾ ತಪ್ಪಿದ್ರ ಮುಗೀತು ನನ್ನ ಕತಿ. ನೀವು ತಿಕ್ಕಲಿಲ್ಲಂದ್ರ ಮಾರ್ಕೆಟ್ಟಿನ್ಯಾಗ ಇನ್ನೊಬ್ಬಾಂವ ಅದಾನ. ಅದೂ ಇಲ್ಲಂದ್ರ ಮನಿಗೆ ಹೋಗಿ ನಾನ ತಿಕ್ಕೊಂತೀನಿ."

ಆತನ ಬರಿಗಾಲು ನನ್ನ ಕೆಳಗೆ ಚಪ್ಪಲಿ ಹುಡುಕಿತು. ಅಷ್ಟರಲ್ಲಿ ಚಂಬಣ್ಣ ಬಗ್ಗಿ, ನೆಲ ತಡವಿ, ಎರಡೂ ಚಪ್ಪಲಿ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತ. ಬಾಗಿಲಲ್ಲಿ ಆತನ ಎರಡೂ ಪಾದಗಳು ನೆಲಕ್ಕೆ ಬೇರು ಬಿಟ್ಟಂತೆ ನಿಂತವು.

"ಕೊಡ್ರಿ ಚಪ್ಪಲಿ."

"ಕೊಡಂಗಿಲ್ಲ."

"ನಿಮ್ಮನ್ನ ದೂಡಿ ಹೋಗಾಕ ನನಗೇನ ತ್ರಾಸಿಲ್ಲ. ಕಣ್ಣಿಲ್ದವ್ರು ಅಂತ ಸುಮ್ನದೀನಿ."

"ದೂಡ್ರಿ. ಆದರ ದೂಡೂಕಿಂತ ಮದ್ಲ ಎರಡೂ ಕಾಲು ಮುಟ್ಟಿ ನೋಡ್ರಿ. ಒತ್ತಬ್ಯಾಡ್ರಿ, ಬರೇ ಮುಟ್ರಿ."

ಮಾಬುಸಾಬ ನನ್ನ ಅಂಚಿಗೆ ಕುಳಿತು ಕಾಲು ಮುಟ್ಟಿ ನೋಡಿಕೊಂಡ. ಆತನ ಭಾರ ನನ್ನ ಮೇಲೆ ಕುಸಿಯಿತು.

"ಸುಡಾಕತ್ತೈತಿ," ಎಂದ ಮೆಲ್ಲಗೆ. ಆಮೇಲೆ, "ಬೆಳಿಗ್ಗೆ ಮನಿ ಮೆಟ್ಟಲ ಹತ್ತೂಮುಂದ ಉಸುರು ಸಾಕಾತ್ರಿ. ಎದ್ಯಾಗ ಚಳಕ್ ಅಂದ್ಹಂಗಾತು. ಅದೂ ಇದರದ ಏನು?"

ಚಂಬಣ್ಣ ಬಾಗಿಲಿಗೆ ತಿರುಗಿ ಓಣಿಗೆಲ್ಲ ಕೇಳುವ ಹಾಗೆ ಆಟೋ ಕರೆದ. ಆರು ವರ್ಷದಲ್ಲಿ ಆತ ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಆಟೋದವನೂ ಆತನೂ ಸೇರಿ ಮಾಬುಸಾಬನನ್ನು ಬರಿಗಾಲಲ್ಲೇ ಎತ್ತಿಕೊಂಡು ಹೋದರು. ಕೈಯಿಂದ ಜಾರಿದ ಚಪ್ಪಲಿಗಳು ಹೊಸ್ತಿಲಲ್ಲಿ ಬಿದ್ದಿದ್ದವು. ಬಾಗಿಲು ತೆರೆದೇ ಇತ್ತು.

ಸಂಜೆ ಚಂಬಣ್ಣ ಒಬ್ಬನೇ ಬಂದು, ಚಪ್ಪಲಿಗಳನ್ನು ನನ್ನ ಕೆಳಗೆ ಜೋಡಿಸಿಟ್ಟು, ಬಾಗಿಲು ಹಾಕಿಕೊಂಡು ಹೋದ. ಏನಾಯಿತೆಂದು ಆತನಿಗೂ ತಿಳಿದಿರಲಿಲ್ಲ. ದವಾಖಾನೆಯವರು ಆತನನ್ನು ಒಳಗೆ ಬಿಟ್ಟಿರಲಿಲ್ಲ.

ಮರುದಿನ ಹತ್ತು ಗಂಟೆ ಹೊಡೆಯಿತು. ಪರೀಕ್ಷೆಯ ಹೊತ್ತು ದಾಟಿತು. ಬಂದವರಿಬ್ಬರನ್ನು ಚಂಬಣ್ಣ ನಾಳೆ ಬನ್ನಿ ಎಂದು ಕಳಿಸಿದ. ಸ್ಟೂಲಿನ ಮೇಲೆ ಕುಳಿತು ಪಾದ ಅಲುಗಿಸುತ್ತಿದ್ದ. ಮಧ್ಯಾಹ್ನದ ಸುಮಾರಿಗೆ ಹೆಂಗಸಿನ ಪಾದಗಳು ಒಳಗೆ ಬಂದವು. ಬೆರಳಲ್ಲಿ ಬೆಳ್ಳಿ ಉಂಗುರ, ಹಿಮ್ಮಡಿ ತುಂಬ ಧೂಳು.

"ನಾ ಬೀಬಿಜಾನ್ ರೀ ಅಣ್ಣಾರ. ಅವರ ಚಪ್ಲಿ ಒಯ್ಯಾಕ ಬಂದೆ."

ಚಂಬಣ್ಣ ಎದ್ದು ನಿಂತ. ಚಪ್ಪಲಿ ತೆಗೆಯಲು ನನ್ನ ಕೆಳಗೆ ಕೈ ಹಾಕಿದ.

"ಅವರು ಜೀವದಿಂದ ಅದಾರ್ರಿ," ಎಂದಳು ಆಕೆ. "ಕಾಲಾಗ ಗಡ್ಡಿ ಕಟ್ಟಿತ್ತಂತ. ಒಂದು ಚೂರು ಆಗಲೇ ಶ್ವಾಸಕೋಶಕ್ಕ ಹೋಗಿತ್ತಂತ. ಯಾರು ಕಳಿಸಿದ್ರು ಅಂತ ಡಾಕ್ಟರ ಕೇಳಿದ್ರು. ಮಾಲೀಸ ಮಾಡಾವ್ರು ಅಂದ್ನಿ. ಆ ಮಾಲೀಸಿನವ್ರು ಇವತ್ತು ಈ ಕಾಲು ತಿಕ್ಕಿದ್ದರ ನಿನ್ನ ಗಂಡ ಉಳೀತಿದ್ದಿಲ್ಲ ನೋಡವಾ ಅಂದ್ರು ಡಾಕ್ಟರ."

ಆಕೆ ಹೋದ ಮೇಲೆ ಚಂಬಣ್ಣ ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತ. ಅಂಗೈ ಎರಡನ್ನೂ ನೆಲಕ್ಕೆ ಊರಿದ್ದು ನನಗೆ ಕಾಣಿಸಿತು.

ಪರೀಕ್ಷೆ ತಪ್ಪಿತು. ಮಾಬುಸಾಬನನ್ನು ಗೇಟಿಗೆ ಹಾಕಿದರು. ಆರು ತಿಂಗಳು ರಕ್ತ ತಿಳಿ ಮಾಡುವ ಗುಳಿಗೆ ನುಂಗಿದ. ಏಳನೆಯ ತಿಂಗಳು, ಇನ್ನು ಮಾಲೀಸು ಮಾಡಿಸಬಹುದೆಂಬ ಚೀಟಿ ಹಿಡಿದುಕೊಂಡು ಬಂದ. ಚೀಟಿಯನ್ನು ಪಕ್ಕದ ಅಂಗಡಿಯವರಿಂದ ಎರಡು ಸಲ ಓದಿಸಿಯೇ ಚಂಬಣ್ಣ ಎಣ್ಣೆ ಬಿಸಿಗಿಟ್ಟ.

ಆ ದಿನ ಮಾಬುಸಾಬ ಶಿವರಾಯನ ಊರಿನ ಕತೆ ಹೇಳಿದ. "ಅವರವ್ವನ ಮುಂದ ಕುಂತ್ನಿ. ಬೈತಾಳ, ಕೊಳ್ಳಪಟ್ಟಿ ಹಿಡೀತಾಳ ಅನ್ಕೊಂಡಿದ್ದೆ. ಒಂದ ಮಾತು ಕೇಳಿದ್ಳು. ಅವತ್ತ ನನ್ನ ಮಗ ಉಂಡಿದ್ನೇನಪಾ ಅಂದ್ಳು. ಹೂಂ ಯವ್ವಾ, ನವಲಗುಂದದಾಗ ಇಬ್ಬರೂ ಕೂಡಿ ಉಂಡ್ವಿ, ಎರಡ ರೊಟ್ಟಿ, ಹೆಸರಕಾಳ ಪಲ್ಲೆ, ಮ್ಯಾಲೆ ಮಜ್ಜಿಗಿ ಕುಡದ ಅಂತ ಹೇಳಿದ್ನಿ. ಚಲೋ ಆತು ಅಂದ್ಳು. ಆಮ್ಯಾಲೆ ನನಗೂ ಉಣ್ಣಾಕ ನೀಡಿದ್ಳು."

ಚಂಬಣ್ಣನ ಹೆಬ್ಬೆರಳು ಅಷ್ಟೊತ್ತಿಗೆ ಅಂಗಾಲಿನ ನಡುವಿತ್ತು. ಕಾಲು ಒದೆಯಲಿಲ್ಲ. ತೂತಿನಲ್ಲಿದ್ದ ಮುಖದ ಕಣ್ಣು ಮುಚ್ಚಿತ್ತು, ತುಟಿ ಸಡಿಲವಾಗಿ ಜೋತಿತ್ತು. ನಿದ್ದೆ ಬಂದಿತ್ತು.

ಮರುವರ್ಷ ಪರೀಕ್ಷೆಗೆ ಮತ್ತೆ ಅವಕಾಶ ಸಿಕ್ಕಿತು. ಪಾಸಾದ. ನಿವೃತ್ತಿಯಾಗುವವರೆಗೆ ಊರೊಳಗಿನ ಬಸ್ಸು ಓಡಿಸಿದ.

ನನಗೆ ಹದಿನೈದು ತುಂಬಿದಾಗ ಚಂಬಣ್ಣ ಮನೆ ಮನೆಗೆ ಹೋಗಿ ಮಾಲೀಸು ಮಾಡಲು ಶುರುಮಾಡಿದ. ಅದಕ್ಕೆ ಮಡಚಿ ಒಯ್ಯುವ ಹಗುರಾದ ಮಂಚ ಬಂತು. ನಾನು ಗೋಡೆಗೆ ಒರಗಿ ಒಂದು ಮಳೆಗಾಲ ಕಳೆದೆ. ಆಗ ಮಾಬುಸಾಬ ನಾಲ್ಕು ಜನರನ್ನು ಕರೆತಂದು ನನ್ನನ್ನು ಡಿಪೋದ ವಿಶ್ರಾಂತಿ ಕೋಣೆಗೆ ಹೊರಿಸಿಕೊಂಡು ಹೋದ. ಗುರುವಾರಕ್ಕೊಮ್ಮೆ ಚಂಬಣ್ಣ ಅಲ್ಲಿಗೆ ಬರುವುದೆಂದಾಯಿತು. ಸೊಂಟ ಹಿಡಿದ ಡ್ರೈವರುಗಳು, ನಿಂತು ನಿಂತು ಕಾಲು ಬಾತ ಕಂಡಕ್ಟರುಗಳು ಸರದಿಯಲ್ಲಿ ಕೂರುತ್ತಾರೆ. ಬಾತ ಕಾಲು ಕಂಡರೆ ಚಂಬಣ್ಣ ಮೊದಲು ಎರಡನ್ನೂ ಮುಟ್ಟಿ ನೋಡುತ್ತಾನೆ. ಕೆಲವರನ್ನು ಮುಟ್ಟಿದ ಕೈಯಲ್ಲೇ ಡಾಕ್ಟರರ ಕಡೆ ಕಳಿಸುತ್ತಾನೆ.

ಈಗ ನನಗೆ ವಯಸ್ಸಾಗಿದೆ. ಒಂದು ಕಾಲಿಗೆ ತಗಡು ಬಡಿದಿದ್ದಾರೆ. ಎಣ್ಣೆ ಕುಡಿದು ಕುಡಿದು ಕಪ್ಪಾಗಿದ್ದೇನೆ. ಸಾವಿರಾರು ಮುಖಗಳನ್ನು ಬಹಳ ಹತ್ತಿರದಿಂದ ನೋಡಿದ್ದೇನೆ. ಬಂದಾಗ ಅವು ಎಷ್ಟು ಬಿಗಿದಿರುತ್ತವೆ, ಹೋಗುವಾಗ ಎಷ್ಟು ಬೇರೆಯಾಗಿರುತ್ತವೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

ಹೋದ ಗುರುವಾರ ಚಂಬಣ್ಣ ಹೊತ್ತಿಗೆ ಮೊದಲೇ ಬಂದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಕೋಲನ್ನು ಮೂಲೆಗಿಟ್ಟ. ಸ್ವಲ್ಪ ಹೊತ್ತು ನನ್ನ ಅಂಚು ಸವರಿದ. ಆಮೇಲೆ ನಿಧಾನವಾಗಿ ನನ್ನ ಮೇಲೆ ಹತ್ತಿ ಬೋರಲು ಮಲಗಿದ. ಇಪ್ಪತ್ತೆರಡು ವರ್ಷದಲ್ಲಿ ಆತ ನನ್ನ ಮೇಲೆ ಮಲಗಿದ್ದು ಅದೇ ಮೊದಲು. ಆತನ ಪಾದ ನನಗೆ ಗೊತ್ತು, ಕೈ ಗೊತ್ತು. ಮುಖ ನೋಡಿದ್ದು ಅಂದೇ. ನರೆತ ಹುಬ್ಬು, ಗಲ್ಲದ ಮೇಲೊಂದು ಹಳೆಯ ಗಾಯದ ಗುರುತು, ಮುಚ್ಚಿದ ರೆಪ್ಪೆ. ನಾನು ಎಣಿಸಿದ್ದಕ್ಕಿಂತ ಬಹಳ ದಣಿದ ಮುಖ. ಸ್ವಲ್ಪದರಲ್ಲೇ ಗೊರಕೆ ಕೇಳಿಸಿತು.

ಡ್ರೈವರುಗಳು ಒಬ್ಬೊಬ್ಬರಾಗಿ ಬಂದರು. ಬಾಗಿಲಲ್ಲೇ ಮಾತು ನಿಲ್ಲಿಸಿದರು. ಯಾರೋ ಫ್ಯಾನು ಹಚ್ಚಿದರು. ಸರದಿಯಲ್ಲಿ ಮೊದಲಿಗನಾಗಿದ್ದವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಉಳಿದವರೂ ಆತನ ಪಕ್ಕದಲ್ಲಿ ಹೋಗಿ ಕುಳಿತರು.