ಚಪ್ಪರಕ್ಕೆ ಕೆಂಪು ದೀಪ

ಲೋಕದಲ್ಲಿ ಸರ್ಕಾರಗಳು ಬಿದ್ದಿವೆ, ಗಡಿಗಳು ಸರಿದಿವೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಜೀಪಿಗೆ ಕಟ್ಟಿ ಎಳೆಯುವ ಒಂದು ಗಾಲಿಮನೆಯ ಪಕ್ಕಕ್ಕೆ ಬಿಚ್ಚಿಕೊಳ್ಳುವ ಒಂಬತ್ತಡಿ ಉದ್ದದ ಬಟ್ಟೆ ಚಪ್ಪರಕ್ಕೆ ಯಾವ ಬಣ್ಣದ ದೀಪ ಹಾಕಬೇಕು ಎಂಬ ಪ್ರಶ್ನೆಯನ್ನು ಇದುವರೆಗೆ ಯಾರೂ ತಕ್ಕ ಗಾಂಭೀರ್ಯದಿಂದ ಎತ್ತಿಕೊಂಡಂತೆ ಕಾಣುವುದಿಲ್ಲ. ಆ ಪ್ರಶ್ನೆಯಿಂದ ಒಬ್ಬ ಅಣ್ಣ ಮತ್ತು ಒಬ್ಬ ತಂಗಿ ಹತ್ತು ದಿನ ಮಾತು ಬಿಟ್ಟಿದ್ದರು. ಇಬ್ಬರಿಗೂ ಅರವತ್ತು ದಾಟಿತ್ತು.

ತಂಗಿಯನ್ನು ಎಲ್ಲರೂ ಕತ್ತಲಕ್ಕ ಎನ್ನುತ್ತಿದ್ದರು. ಫೋಟೋ ಸ್ಟುಡಿಯೋ ಒಂದರ ಕತ್ತಲಕೋಣೆಯಲ್ಲಿ ನಲವತ್ತು ವರ್ಷ ಫೋಟೋ ತೊಳೆದವಳು. ಕೆಂಪು ದೀಪದ ಕೆಳಗೆ, ತಟ್ಟೆಯ ಮದ್ದಿನ ನೀರಿನಲ್ಲಿ ಬಿಳಿ ಕಾಗದ ಅದ್ದಿ, ಅಂಚು ಹಿಡಿದು ಮೆಲ್ಲಗೆ ತೂಗಿದರೆ ಸಮುದ್ರ ಮೇಲೆ ಬರುತ್ತಿತ್ತು, ಬೆಟ್ಟ ಬರುತ್ತಿತ್ತು, ಬೆಟ್ಟದ ಮುಂದೆ ಹಲ್ಲು ಕಿರಿದು ನಿಂತ ಯಾರದೋ ಸಂಸಾರ ಬರುತ್ತಿತ್ತು. ಹಾಗೆ ಅವಳು ಸಾವಿರಾರು ಸಲ ಸಮುದ್ರ ನೋಡಿದ್ದಳು, ಅದೂ ಒದ್ದೆ ಸಮುದ್ರವನ್ನೇ. ಕಾಲು ಮಾತ್ರ ಒಮ್ಮೆಯೂ ಅದಕ್ಕೆ ತಾಗಿರಲಿಲ್ಲ. ಸ್ಟುಡಿಯೋ ಬಾಗಿಲು ಹಾಕಿದಾಗ ಮಾಲೀಕರು ಏನು ಬೇಕು ಎಂದು ಕೇಳಿದ್ದಕ್ಕೆ ತಟ್ಟೆಗಳನ್ನು, ಫೋಟೋ ಹಿಗ್ಗಿಸುವ ಯಂತ್ರವನ್ನು, ಉಳಿದ ಕಾಗದದ ಕಟ್ಟುಗಳನ್ನು ಕೇಳಿ ಪಡೆದಳು. ಆಮೇಲೆ ಒಂದು ಹಳೆಯ ಗಾಲಿಮನೆ ಕೊಂಡು ತನ್ನ ಅಂಗಳದಲ್ಲಿ ನಿಲ್ಲಿಸಿದಳು. ಮೊದಲು ಸಮುದ್ರಕ್ಕೆ ಹೋಗಬೇಕು, ಆಮೇಲೆ ಊರೂರು ತಿರುಗಬೇಕು, ತಾನೇ ಫೋಟೋ ತೆಗೆಯಬೇಕು, ತೆಗೆದ ದಿನವೇ ತಾನೇ ತೊಳೆಯಬೇಕು. ಒಳಗೆ ಮಂಚ, ಒಲೆ, ಒಂದು ಬಚ್ಚಲು ಬಿಟ್ಟರೆ ಮೊಣಕೈ ಆಡಿಸುವಷ್ಟೂ ಜಾಗವಿರಲಿಲ್ಲ. ಹಾಗಾಗಿ ಕತ್ತಲಾದ ಮೇಲೆ ಚಪ್ಪರದ ಸುತ್ತ ಕಪ್ಪು ಬಟ್ಟೆ ಇಳಿಬಿಟ್ಟು, ಮೇಲೆ ಕೆಂಪು ದೀಪ ಹಾಕಿ, ಅಲ್ಲೇ ತಟ್ಟೆ ಇಡುವುದೆಂದು ಅವಳ ಲೆಕ್ಕಾಚಾರ.

ಅಣ್ಣನ ಲೆಕ್ಕಾಚಾರ ಬೇರೆ. ಅವನು ನಿವೃತ್ತ ರೈಲು ಡ್ರೈವರ್. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಕೆಂಪು ಸಿಗ್ನಲ್ ದಾಟದವನು ಎಂದು ಇಲಾಖೆ ಅವನಿಗೆ ಗೋಡೆ ಗಡಿಯಾರ ಕೊಟ್ಟಿತ್ತು. ಮನೆಗೆ ಬಂದವರು ಟೈಮ್ ಕೇಳಿದರೆ ಆ ಕಥೆಯೂ ಜೊತೆಗೆ ಸಿಗುತ್ತಿತ್ತು. ಗಾಲಿಮನೆಯನ್ನು ಎಳೆಯುವ ತಾಕತ್ತಿದ್ದದ್ದು ಅವನ ಜೀಪಿಗೆ ಮಾತ್ರ. ಆದ್ದರಿಂದ ದೀಪದ ಅಂಗಡಿಗೆ ಅವನೂ ಬಂದ.

ಅಂಗಡಿಯವನು ಗಾಡಿಯ ಚಪ್ಪರಕ್ಕೆಂದೇ ಬಂದ ದೀಪಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಹಚ್ಚಿಟ್ಟ. ಹಳದಿ ಗುಂಡುಗಳ ಸರ, ಅಂಚಿಗೆ ಅಂಟಿಸುವ ಪಟ್ಟಿ, ಬಣ್ಣ ಬದಲಿಸುತ್ತ ಕುಣಿಯುವ ಇನ್ನೊಂದು. ಕತ್ತಲಕ್ಕ ಅವುಗಳನ್ನು, ಅಂಗಳದಲ್ಲಿ ಕುಣಿಯುವ ಪರರ ಮಕ್ಕಳನ್ನು ನೋಡುವಂತೆ, ನೋಡಿ ಪಕ್ಕಕ್ಕೆ ಸರಿಸಿದಳು. ಕೆಂಪು ಕೇಳಿದ್ದಕ್ಕೆ ಅಂಗಡಿಯವನು, ಅಮ್ಮಾ ಅದು ಗಾಡಿಯ ಹಿಂಭಾಗಕ್ಕೆ ಹಾಕೋದು, ಅದರ ಕೆಳಗೆ ಯಾರೂ ಕೂತು ಊಟ ಮಾಡಲ್ಲ ಎಂದ. ನಲವತ್ತು ವರ್ಷ ನಾನು ಅದರ ಕೆಳಗೇ ಊಟ ಮಾಡಿದ್ದೇನೆ, ಮೈಗೆ ಹತ್ತಿದೆ ಎಂದಳು ಅವಳು.

ಅಷ್ಟರಲ್ಲಿ ಅಣ್ಣ ತನ್ನ ಆಯ್ಕೆಯನ್ನು ಎತ್ತಿಕೊಂಡಿದ್ದ. ಕಣ್ಣು ಕುಕ್ಕುವ ಬಿಳಿ ದೀಪ. ಎದುರು ಯಾರಾದರೂ ಅಲುಗಾಡಿದರೆ ತಾನೇ ಹೊತ್ತಿಕೊಂಡು, ಯಾರ ಫೋನಿಗೆ ಹೇಳಬೇಕೋ ಅವರ ಫೋನಿಗೆ ಸುದ್ದಿ ಮುಟ್ಟಿಸುವಂಥದ್ದು.

"ಒಂಟಿ ಹೆಂಗಸು, ಗೊತ್ತಿಲ್ಲದ ಜಾಗ," ಎಂದ ಅಣ್ಣ. "ಇದಿದ್ರೆ ಬೆಕ್ಕು ಅಲುಗಾಡಿದ್ರೂ ನನಗೆ ಗೊತ್ತಾಗತ್ತೆ."

"ನಾನು ಅಲುಗಾಡಿದ್ರೆ?"

"ಅದೂ ಗೊತ್ತಾಗತ್ತೆ."

"ಅದೇ ಬೇಡ ಅಂತ ಹೇಳ್ತಿರೋದು."

ಬಿಳಿ ಬೆಳಕು ಒಂದು ಕ್ಷಣ ಬಿದ್ದರೂ ಕಾಗದ ಕಪ್ಪಾಗಿ ಹಾಳಾಗುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಈ ಕಾಲದಲ್ಲಿ ಯಾರು ಫೋಟೋ ತೊಳೀತಾರೆ, ಫೋನಿಲ್ವಾ ಎಂದು ಅವನು ನಕ್ಕ. ಅಂಗಡಿಯವನೂ ಮರ್ಯಾದೆಗೆ ಅರ್ಧ ನಕ್ಕ. ಕೆಂಪು ದೀಪ ಕಂಡರೆ ದಾರಿಹೋಕರು ಏನು ಅಂದುಕೊಂಡಾರು ಎಂದು ಅಣ್ಣ ಕೇಳಿದಾಗ, ಅಂದುಕೊಂಡು ಮುಂದೆ ಹೋಗುತ್ತಾರೆ, ಅದಕ್ಕೇ ಅವರಿಗೆ ದಾರಿಹೋಕರು ಅನ್ನುವುದು ಎಂದು ಅವಳು ಮೂರು ನಮೂನೆಯ ಕೆಂಪು ದೀಪ ಚೀಲಕ್ಕೆ ಹಾಕಿಕೊಂಡಳು. ಅಣ್ಣ ಬಿಳಿಯದನ್ನು ಕೊಂಡ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ತನ್ನ ತೀರ್ಮಾನ ಹೇಳಿದ.

"ಬಿಳಿ ದೀಪ ಇಲ್ಲ ಅಂದ್ರೆ ಜೀಪೂ ಇಲ್ಲ."

ಮಾತು ನಿಂತದ್ದು ಅಲ್ಲಿಂದ.

ಕತ್ತಲಕ್ಕ ತನ್ನ ಮನೆಯ ಬಚ್ಚಲಿನ ಕಿಟಕಿಗೆ ಕಂಬಳಿ ಹೊಡೆದು ಮೂರೂ ದೀಪಗಳನ್ನು ಪರೀಕ್ಷೆಗೆ ಕೂರಿಸಿದಳು. ಅವಳ ಕಸುಬಿನಲ್ಲಿ ಯಾವ ದೀಪವನ್ನೂ ಬಣ್ಣ ನೋಡಿ ನಂಬುವುದಿಲ್ಲ. ದೀಪದ ಕೆಳಗೆ ಫೋಟೋ ಕಾಗದ ಇಟ್ಟು, ಅದರ ಮೇಲೊಂದು ನಾಣ್ಯ ಇಟ್ಟು, ಹತ್ತು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ತೊಳೆದಾಗ ನಾಣ್ಯದ ಗುರುತು ದುಂಡಗೆ ಮೂಡಿದರೆ ದೀಪ ಸುಳ್ಳು ಹೇಳುತ್ತಿದೆ ಎಂದರ್ಥ: ಕೆಂಪಿನ ಜೊತೆ ಬೇರೆ ಬೆಳಕನ್ನೂ ಕದ್ದು ಬಿಡುತ್ತಿದೆ. ಎರಡು ದೀಪಗಳು ಹಾಗೆ ಸಿಕ್ಕಿಬಿದ್ದವು. ಮೂರನೆಯದರ ಕೆಳಗಿನ ಕಾಗದ ಅಚ್ಚ ಬಿಳಿಯಾಗಿ, ಯಾರೂ ಮುಟ್ಟೇ ಇಲ್ಲ ಎಂಬಂತೆ ಹೊರಬಂತು. ಅಣ್ಣನನ್ನೂ ಹೀಗೆ ನಾಣ್ಯ ಇಟ್ಟು ನೋಡುವಂತಿದ್ದರೆ ಎಂದು ಅವಳಿಗೆ ಅನ್ನಿಸಿತು.

ಹತ್ತನೆಯ ದಿನ ಅವಳು ಕಪ್ಪು ಬಟ್ಟೆ ತರಲು ಪೇಟೆಗೆ ಹೋದಳು. ಸಂಜೆ ವಾಪಸು ಬಂದು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಗಾಲಿಮನೆಯ ನೆತ್ತಿಯಿಂದ ಬಿಳಿ ಬೆಳಕು ಅವಳ ಮುಖಕ್ಕೆ ಬಡಿಯಿತು. ಅವಳ ಬಳಿಯಿದ್ದ ಹಾಗೆಯೇ ಗೇಟಿನ ಬೀಗದ ಕೈ ಅಣ್ಣನ ಬಳಿಯೂ ಒಂದಿತ್ತು. ಅವಳು ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಫೋನು ಬಡಿದುಕೊಂಡಿತು. ಹತ್ತು ದಿನಗಳ ಮೌನ ಮುರಿದು ಅಣ್ಣ ಕೇಳಿದ್ದು ಒಂದೇ ಮಾತು.

"ಬಂದ್ಯಾ?"

ಅವಳು ಫೋನು ಕಟ್ ಮಾಡಿದಳು. ಬಟ್ಟೆಯ ಗಂಟು ನೆಲದ ಮೇಲಿಟ್ಟು, ಮೊದಲು ಬೀಗ ಬದಲಿಸಿದಳು. ಸ್ಟೂಲು ಹಾಕಿ ದೀಪ ಕಳಚಿ, ತಿರುಪುಗಳನ್ನು ಚೀಟಿಯಲ್ಲಿ ಸುತ್ತಿ, ಅದು ಬಂದ ಪೆಟ್ಟಿಗೆಯಲ್ಲೇ ಹಾಕಿ, ಎರಡು ಬೀದಿ ದಾಟಿ ಹೋಗಿ ಅಣ್ಣನ ಹೊಸಿಲ ಮೇಲಿಟ್ಟು ಬಂದಳು. ಬಾಗಿಲು ತಟ್ಟಲಿಲ್ಲ.

ಮರುದಿನ ಮುಸ್ಸಂಜೆ ಚಪ್ಪರ ಬಿಚ್ಚಿದ್ದಳು, ಗೇಟು ತೆರೆದಿಟ್ಟಿದ್ದಳು, ಅಂಚಿನುದ್ದಕ್ಕೂ ಕೆಂಪು ದೀಪ ಹಚ್ಚಿದ್ದಳು. ಅಣ್ಣ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಬಂದ. ಜೀಪಿನ ತಲೆಯ ಮೇಲೆ ಏಣಿ, ತೊಡೆಯ ಮೇಲೆ ಬಿಳಿ ದೀಪದ ಪೆಟ್ಟಿಗೆ, ಪಕ್ಕದ ಸೀಟಿನಲ್ಲಿ ಅತ್ತಿಗೆ. ಅತ್ತಿಗೆ ಇಪ್ಪತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿದವಳು. ಅರ್ಧ ಊರಿಗೆ ಗಾಡಿ ಕಲಿಸಿದ್ದಳು, ಗಂಡನ ಜೀಪಿನ ಸ್ಟಿಯರಿಂಗ್ ಮಾತ್ರ ಮುಟ್ಟಿರಲಿಲ್ಲ. ಅವನು ಗಾಡಿ ಬಿಡುವಾಗ ಅವಳ ಬಲಗಾಲು ತಾನಾಗಿ ನೆಲದಲ್ಲಿ ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು.

ಜೀಪು ತಿರುವಿನಲ್ಲಿ ಹೊರಳಿ, ಗೇಟಿಗೆ ನೇರವಾಗಿ, ಗಕ್ಕನೆ ನಿಂತಿತು. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಹಿಂದೆ ಬಂದ ಹಾಲಿನ ವ್ಯಾನು ಹಾರ್ನ್ ಬಾರಿಸಿತು.

"ಯಾಕ್ರೀ ನಿಂತ್ರಿ?" ಎಂದಳು ಅತ್ತಿಗೆ.

"ಕೆಂಪಿದೆ," ಎಂದ ಅಣ್ಣ. ಆಡಿದ ಮೇಲೆ ಅವನ ಮಾತು ಅವನ ಕಿವಿಗೇ ಬಿತ್ತು. ಕಾಲು ಮಾತ್ರ ಬ್ರೇಕಿನಿಂದ ಏಳಲಿಲ್ಲ. ಮೂವತ್ತನಾಲ್ಕು ವರ್ಷ ಆ ಕಾಲು ತಲೆಯನ್ನು ಕೇಳಿ ಕೆಲಸ ಮಾಡಿದ್ದಲ್ಲ. ಅವನು ಕಿಟಕಿಯಿಂದ ತಲೆ ಹಾಕಿ ಕೂಗಿದ. "ಆರಿಸೇ ಅದನ್ನ. ಒಳಗೆ ಬರ್ತೀನಿ."

"ಆರಿಸಲ್ಲ," ಎಂದಳು ಕತ್ತಲಕ್ಕ. ಗೇಟಿನ ನಡುವೆ ಬಂದು ನಿಂತಳು. "ನಲವತ್ತು ವರ್ಷ ಕತ್ತಲೇಲಿ ಒಬ್ಬಳೇ ನಿಂತಿದ್ದೆ ಅಣ್ಣ. ಒಂಟಿ ಹೆಂಗಸು, ಭಯ ಆಗತ್ತಾ ಅಂತ ಆಗ ನೀನು ಒಂದಿನಾನೂ ಕೇಳಲಿಲ್ಲ. ಸಂಬಳ ಮನೆಗೆ ಬರ್ತಿತ್ತಲ್ಲ. ಈಗ ನನ್ನ ಖುಷಿಗೆ ನಿಲ್ತೀನಿ ಅಂದ ತಕ್ಷಣ ಭಯ ಬಂತಾ? ನಿನ್ನ ದೀಪ ನಿನ್ನ ಮನೆಗೆ ಹಾಕ್ಕೋ. ನೀನು ಅಲುಗಾಡಿದಾಗೆಲ್ಲ ಅತ್ತಿಗೆಗೆ ಗೊತ್ತಾಗಲಿ."

ಹಾಲಿನವನು ಹಾರ್ನ್ ನಿಲ್ಲಿಸಿ ಕೇಳಿಸಿಕೊಳ್ಳತೊಡಗಿದ.

"ಜೀಪು ಕೊಡಲ್ಲ," ಎಂದ ಅಣ್ಣ. ಆದರೆ ದನಿಯಲ್ಲಿ ಹಿಂದಿನ ದಮ್ಮಿರಲಿಲ್ಲ.

ಅತ್ತಿಗೆ ತನ್ನ ಬಾಗಿಲು ತೆರೆದು ಇಳಿದಳು. ಜೀಪಿನ ಮುಂದಿನಿಂದ ಸುತ್ತಿ ಬಂದು ಗಂಡನ ಕಡೆಯ ಬಾಗಿಲು ತೆಗೆದಳು. ಹೊಸದಾಗಿ ಗಾಡಿ ಕಲಿಯಲು ಬಂದವರೊಡನೆ ಆಡುವ ಸಮಾಧಾನದ ದನಿಯಲ್ಲಿ ಹೇಳಿದಳು.

"ಇಳೀರಿ. ಆ ಕಡೆ ಕೂತ್ಕೊಳ್ಳಿ."

"ಕೆಂಪಿದೆ ಕಣೇ."

"ಇದು ಹಳಿ ಅಲ್ಲ, ಅಂಗಳ. ಸಮುದ್ರದ ತನಕ ನಾನೇ ಎಳ್ಕೊಂಡು ಹೋಗ್ತೀನಿ. ಹದಿನೈದು ದಿನ ಬಿಟ್ಟು ಇನ್ನೊಂದು ಕಡೆಗೂ ನಾನೇ. ನಿಮಗೆ ಬರೋ ಮನಸ್ಸಿದ್ರೆ ಪಕ್ಕದ ಸೀಟಿದೆ."

ಅಣ್ಣ ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ, ಕೊನೆಗೆ ಹಾಲಿನವನನ್ನು ನೋಡಿದ. ಹಾಲಿನವನು ಯಾರ ಪಕ್ಷ ಎಂಬುದು ಅವನ ಮುಖದ ಮೇಲೆ ಬರೆದಿತ್ತು. ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಣ್ಣ ಇಳಿದ.

ಅತ್ತಿಗೆ ಕನ್ನಡಿ ಸರಿಪಡಿಸಿಕೊಂಡಳು, ಸೀಟು ಮುಂದಕ್ಕೆಳೆದುಕೊಂಡಳು, ಕತ್ತಲಕ್ಕ ಪಕ್ಕಕ್ಕೆ ಸರಿಯುವ ತನಕ ಕಾದು ಕೆಂಪು ದೀಪದ ಕೆಳಕ್ಕೆ ಜೀಪನ್ನು ತಂದು ನಿಲ್ಲಿಸಿದಳು.

ಸೋಮವಾರ ಬೆಳಿಗ್ಗೆ ಆರೂವರೆಗೆ ಗಾಲಿಮನೆ ಸಮುದ್ರದ ಕಡೆಗೆ ಹೊರಟಿತು. ಜೀಪು ಬಿಟ್ಟವಳು ಅತ್ತಿಗೆ. ಅಣ್ಣ ಪಕ್ಕದ ಸೀಟಿನಲ್ಲಿದ್ದ, ಕತ್ತಲಕ್ಕ ಹಿಂದಿನ ಸೀಟಿನಲ್ಲಿ. ಚಪ್ಪರದ ದೀಪ ಕೆಂಪು.