ಗಾದಿಯ ಬಂಡಿ

ಮಸ್ತಾನಬಿ ಬಚ್ಚಲ ಕಲ್ಲಿನ ಮೇಲೆ ಮಲಗಿಸಿದ್ದ ಗಂಡನ ಅಂಗಿಯನ್ನು ಕತ್ತರಿಯಿಂದ ಕೊಯ್ದು ಬಿಡಿಸುತ್ತಿದ್ದಳು. ರಕ್ತ ಒಣಗಿ ಬಟ್ಟೆ ಮೈಗೆ ಹತ್ತಿಕೊಂಡಿತ್ತು. ಎಳೆದಾಗಲೆಲ್ಲ, ಅವನಿಗೆ ನೋವಾದೀತೆಂಬಂತೆ, ಕೈ ತಡೆಯುತ್ತಿದ್ದಳು.

"ಹೊತ್ತು ಮುಳುಗೋದ್ರೊಳಗ ಮಣ್ಣು ಕೊಡಬೇಕವ್ವಾ," ಎಂದ ಮುದುಕ ನಬಿಸಾಬ್. "ಹೆಣ ಇಲ್ಲೇ ಉಳೀತಂದ್ರ ಮನೀಗೇ ಬೆಂಕಿ ಹಚ್ತಾರ. ನನ್ನ ಕೈಯಾಗ ಕೊಡ ನಿಂದ್ರಂಗಿಲ್ಲ. ಹೆಣ ತೊಳ್ಯಾಕ, ನೀರು ಹಾಕಾಕ ಒಬ್ಬ ಗಂಡಸು ಬೇಕು."

ಕಮಲಾಪುರದ ಪಿಂಜಾರ ಓಣಿಯಲ್ಲಿ ಈ ಮುದುಕನನ್ನು ಬಿಟ್ಟರೆ ಗಂಡಸರು ಉಳಿದಿರಲಿಲ್ಲ. ನಿಜಾಮನ ಸೈನ್ಯ ಶರಣಾದ ಸುದ್ದಿ ಬಂದದ್ದೇ, ಕಲಬುರಗಿ ಕೋಟೆಯೊಳಗಿನ ನೆಂಟರ ಮನೆಗಳಿಗೆ ಓಡಿದ್ದರು. ಅವಳ ಗಂಡ ಮಲಂಗಸಾಬ ಮಾತ್ರ, "ನಾ ಹತ್ತಿ ಹಿಂಜಾವ, ನನಗ್ಯಾರು ಏನ್ ಮಾಡ್ತಾರ?" ಎಂದು ಉಳಿದಿದ್ದ.

ಪಕ್ಕದ ಮನೆಯ ಸೂಗಪ್ಪ ತುಂಬಿದ ಕೊಡ ಹೊತ್ತು ಒಳಗೆ ಬಂದ.

"ವೈನೀ... ನೀರು ತಂದೀನಿ."

"ನಿನ್ನಿ ಬಡಿಗಿ ತಂದಿದ್ದಿ," ಎಂದಳು ಮಸ್ತಾನಬಿ.

\*

ನಿನ್ನೆ ಊರವರು ಮಲಂಗಸಾಬನನ್ನು ಅಗಸಿ ಬಾಗಿಲ ಮುಂದೆ ಎಳೆದು ನಿಲ್ಲಿಸಿದ್ದರು. ಎಲ್ಲರಿಗಿಂತ ಮುಂದೆ ದೌಲಪ್ಪ. ಅವನ ಅಣ್ಣನನ್ನು ನಿಜಾಮನ ಕಡೆಯ ರಜಾಕಾರರು ಸುಟ್ಟು ಕೊಂದಿದ್ದರು.

"ಏ ಪಿಂಜಾರ, ನಿನ್ನ ಗಾದಿ ಮ್ಯಾಲ ರಜಾಕಾರರಿಗೆ ನಿದ್ದಿ ಛಲೋ ಬಂತೇನೋ?"

ಗುಂಪು ನಕ್ಕಿತು.

"ಬಂದೂಕು ತೋರಿಸಿ ತುಂಬಿಸ್ಯಾರ್ರೀ. ಒಲ್ಲೆ ಅಂದವರು ಊರಾಗ ಯಾರದಾರ? ಹಾಲು ಕೊಟ್ಟವರು, ಜ್ವಾಳ ಕೊಟ್ಟವರು ಇಲ್ಲೇ ನಿಂತಾರಲ್ಲ."

ನಗು ನಿಂತಿತು. "ಯಾರಲೇ? ಹೆಸರು ಹೇಳು!" ಎಂದ ದೌಲಪ್ಪ.

ಮಲಂಗಸಾಬನ ಕಣ್ಣು ಗುಂಪಿನಲ್ಲಿ ಸೂಗಪ್ಪನನ್ನು ಹುಡುಕಿತು. ಆ ಗಾದಿಗಳನ್ನು ರಜಾಕಾರರ ಠಾಣ್ಯಕ್ಕೆ ಒಯ್ದದ್ದು ಸೂಗಪ್ಪನ ಬಂಡಿ.

"ಸೂಗಪ್ಪಾ, ನೀನರೆ ಹೇಳೋ, ಇಬ್ಬರೂ ಕೂಡೇ..."

ಸೂಗಪ್ಪನ ಬಡಿಗೆ ಬಾಯಿಗೆ ಬಿತ್ತು. ಹಲ್ಲು ಮಣ್ಣಿಗೆ ಸಿಡಿದವು. ಆಮೇಲೆ ಯಾರ ಬಡಿಗೆ, ಯಾರ ಕಲ್ಲು ಎಂಬುದು ಗುಂಪಿನ ಹಿಂದೆ ನಿಂತಿದ್ದ ಮಸ್ತಾನಬಿಗೆ ತಿಳಿಯಲಿಲ್ಲ. ಗುಂಪು ಸರಿದಾಗ ಗಂಡನ ತಲೆಯ ಒಂದು ಮಗ್ಗುಲು ಒಳಗೆ ಕುಸಿದಿತ್ತು.

\*

"ಇವನ ಕೈಲೆ ಬ್ಯಾಡವ್ವಾ," ಎಂದ ನಬಿಸಾಬ್.

"ಬ್ಯಾರೆ ಯಾರದಾರ ಕಾಕಾ?" ಅವಳು ಬಾಗಿಲ ಅಗಳಿ ಹಾಕಿ ಬಂದು, ಗಂಡನ ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ದವಡೆ ಜೋತುಬಿತ್ತು. "ಮೊದಲು ಬಾಯಿ. ಹಾಕು."

ಸೂಗಪ್ಪ ಕೊಡ ಬಗ್ಗಿಸಿದ. ಅಷ್ಟರಲ್ಲಿ ಹೊರಗೆ ಗದ್ದಲ. ದೌಲಪ್ಪನ ದನಿ: "ರಜಾಕಾರಗ ನೀರು ಹಾಕಾವ ಯಾವನಲೇ? ಈ ಹೆಣ ಊರ ಮಣ್ಣಾಗ ಹೋಗಂಗಿಲ್ಲ!"

"ಈಗರೆ ಹೇಳು ಸೂಗಪ್ಪಾ," ಮಸ್ತಾನಬಿ ಮೆಲ್ಲಗೆ ಅಂದಳು. "ಗಾದಿ ಒಯ್ದ ಬಂಡಿ ನಂದು, ಇವರು ರಜಾಕಾರ ಅಲ್ಲ ಅನ್ನು. ಅವರವ ನೀನು, ನಿನ್ನ ಮಾತು ಕೇಳ್ತಾರ. ಮಣ್ಣಿಗೆ ಒಯ್ಯಾಕ ಬಿಟ್ಟಾರು."

ಸೂಗಪ್ಪ ಬಾಗಿಲ ಕಡೆ ತಿರುಗಿ ಬಾಯಿ ತೆರೆದ. ಬಾಗಿಲ ಮೇಲೆ ಕಲ್ಲು ಬಿತ್ತು. ಅವನು ಮುಖವನ್ನು ಮತ್ತೆ ಹೆಣದ ಕಡೆ ತಿರುಗಿಸಿಕೊಂಡ. ಕೊಡ ಬಾಗಿದ್ದು ಬಾಗಿದಂತೆಯೇ ಇತ್ತು; ನೀರು ಮಲಂಗಸಾಬನ ಒಡೆದ ಬಾಯಿ ತುಂಬಿ, ಉಕ್ಕಿ, ಬಚ್ಚಲ ಮೋರಿಯಿಂದ ಕೆಂಪಗೆ ಓಣಿಗೆ ಇಳಿದು, ಹೊರಗೆ ನಿಂತವರ ಕಾಲ ಕೆಳಗೆ ಹರಡತೊಡಗಿತು.