ಹೊಗ್ಲಾಳ ಮಗುವಿಗೆ ಉಪ್ಪು

ನನ್ನ ತಮ್ಮನ ಹೆಂಡತಿ ಹೊಗ್ಲಾ ಹೆತ್ತದ್ದು ಬೆಳಗಿನ ಹೊತ್ತಿನಲ್ಲಿ, ಗಂಡಸರೆಲ್ಲ ಇಟ್ಟಿಗೆ ಬಯಲಿನಲ್ಲಿ ಕೆಸರು ತುಳಿಯುತ್ತಿದ್ದಾಗ. ಆ ವರ್ಷ ಇಟ್ಟಿಗೆಗೆ ಬೆರೆಸುವ ಹುಲ್ಲು ಕೊಡುವುದನ್ನು ನಿಲ್ಲಿಸಿದ್ದರು. ಹೊಲ ಹೊಲ ತಿರುಗಿ ಕೂಳೆ ಕಿತ್ತು ತರುವ ಕೆಲಸ ನಮ್ಮ ಹೆಂಗಸರ ತಲೆಗೆ ಬಿದ್ದಿತ್ತು. ತುಂಬಿದ ಬಸುರಿ ಹೊಗ್ಲಾ, ಹೊರೆ ಇಳಿಸಿದವಳೇ ಗೋಡೆ ಹಿಡಿದು ಕುಸಿದಳು. ನಾನೂ ನಮ್ಮವ್ವನೂ ಬಾಗಿಲು ಮುಚ್ಚಿದೆವು.

ಗಂಡು ಮಗು.

ಇಬ್ರಿಯರಾದ ನಮಗೆ ಹುಟ್ಟಿದ ಗಂಡು ಕೂಸನ್ನೆಲ್ಲ ನದಿಗೆ ಹಾಕಬೇಕೆಂದು ಐಗುಪ್ತದ ದೊರೆ ಫರೋಹನ ಅಪ್ಪಣೆಯಾಗಿತ್ತು. ನಮ್ಮ ಓಣಿಯಿಂದಲೇ ಎಷ್ಟೋ ಕೂಸುಗಳು ಹೋಗಿದ್ದವು.

"ಸತ್ತು ಹುಟ್ಟಿತು ಅಂತ ಹೇಳೋಣ," ಅಂದಳು ಹೊಗ್ಲಾ. ಬಸುರಿಯಾದಾಗಿನಿಂದ ಅದನ್ನೇ ಯೋಚಿಸಿಟ್ಟಿದ್ದಳು. "ಅಕ್ಕಾ, ನೀನು ಹಿತ್ತಲಲ್ಲಿ ಸಣ್ಣದೊಂದು ಗುಂಡಿ ತೋಡಿ ಮುಚ್ಚಿಬಿಡು. ಸ್ವಲ್ಪ ಗಟ್ಟಿಯಾದ ಮೇಲೆ ಊರಾಚೆ ಕುರಿ ಕಾಯೋ ನಮ್ಮ ಸೋದರಮಾವನ ಹತ್ರ ಸಾಗಿಸಿಬಿಡೋಣ."

ಹಾಗೇ ಮಾಡಿದೆವು. ಮಗುವನ್ನು ಕೂಳೆಯ ಬುಟ್ಟಿಯಲ್ಲಿ ಮಲಗಿಸಿ ಮೇಲೆ ತೆಳ್ಳಗೆ ಕೂಳೆ ಹರಡಿದೆವು. ಹೊಗ್ಲಾ ಎದೆ ಬಡಿದುಕೊಂಡು ಅತ್ತಳು. ಓಣಿಯ ಹೆಂಗಸರು ಬಂದು ಕೂಡಿ ಅತ್ತರು. ಇಟ್ಟಿಗೆ ಬಯಲಿನಲ್ಲಿ ನಮ್ಮವರನ್ನು ದುಡಿಸುವ ಮೇಸ್ತ್ರಿ ಬಂದು ಹಿತ್ತಲ ಮಣ್ಣು ನೋಡಿದ. "ನಾಳೆ ಕೂಳೆಗೆ ಹೋಗಬೇಕು," ಎಂದು ಹೊರಟುಹೋದ.

ಗೆದ್ದೆವು ಅಂದುಕೊಂಡೆ. ಅವ್ವನಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಮೈಗೆ ಉಪ್ಪು ಹಚ್ಚಿಲ್ಲವಲ್ಲೇ."

ಹುಟ್ಟಿದ ದಿನವೇ ಉಪ್ಪು ತಿಕ್ಕಿ ಬಟ್ಟೆ ಸುತ್ತದ ಕೂಸೇ ನಮ್ಮಲ್ಲಿಲ್ಲ. ಆದರೆ ಮನೆಯಲ್ಲಿ ಚಿಟಿಕೆ ಉಪ್ಪೂ ಇರಲಿಲ್ಲ.

"ಬೇಡ ಅತ್ತೆ, ಸುಮ್ಮನಿರಿ," ಅಂದಳು ಹೊಗ್ಲಾ.

"ನಿನ್ನ ಗಂಡನಿಗೆ ಹಚ್ಚಿದ ಕೈ ಇದು. ಉಪ್ಪು ಕಾಣದ ಮೈ ಕೊಳೆತುಹೋಗ್ತದೆ. ಹೂಳಿದೀವಿ ಅಂತ ಊರಿಗೆಲ್ಲ ಹೇಳಿದೀವಿ, ನಿಜವಾಗ್ಲೂ ಹೂಳಬೇಕೇನು?"

ಹೊಗ್ಲಾಳಿಗೆ ನಿದ್ದೆ ಹತ್ತಿತ್ತು, ನಾನು ನೀರಿಗೆ ಹೋಗಿದ್ದೆ. ಆಗ ಅವ್ವ ಹೆನುತ್‌ಳ ಮನೆಗೆ ಹೋದಳು. ಹೆನುತ್ ಐಗುಪ್ತದವಳು, ಮೇಸ್ತ್ರಿಯ ಹೆಂಡತಿ, ಮೀನಿಗೆ ಉಪ್ಪು ಹಾಕಿ ಒಣಗಿಸಿ ಮಾರುವವಳು. ಅವ್ವನಿಗೂ ಅವಳಿಗೂ ಹಳೆಯ ಸಲಿಗೆ.

"ಒಂದು ಹಿಡೀನಾ? ಉಪ್ಪು ಹಾಕಿ ಒಣಗಿಸೋಕೆ ನೀರಾನೆ ಹಿಡಿದೆಯೇನೇ ಮುದುಕಿ?" ಅಂದಳಂತೆ ಹೆನುತ್.

"ಹಲ್ಲು ನೋವು ಕಣೆ."

"ಇರೋವು ಎರಡು ಹಲ್ಲು, ಅದಕ್ಕೆ ಹಿಡಿ ಉಪ್ಪಾ!"

ಇಬ್ಬರೂ ನಕ್ಕರಂತೆ. ಹೆನುತ್ ಉಪ್ಪು ಕೊಟ್ಟಳು.

ನಾನು ನೀರು ತರುವಷ್ಟರಲ್ಲಿ ಅವ್ವ ಒಂದು ಕೈಯಿಂದ ಮಗುವಿನ ಬಾಯಿ ಒತ್ತಿ ಹಿಡಿದು, ಇನ್ನೊಂದರಿಂದ ಎಣ್ಣೆ, ಉಪ್ಪು ತಿಕ್ಕುತ್ತಿದ್ದಳು. ಮಗುವಿನ ಮುಖ ಕೆಂಪೇರಿತ್ತು, ಸದ್ದಿರಲಿಲ್ಲ. ಹೊಗ್ಲಾ ಎದ್ದು ನೋಡಿದಳು, ಬೈಯಲಿಲ್ಲ. "ಮೂಗು ಅವರಪ್ಪಂದೇ," ಅಂದಳು.

ಹೊತ್ತು ಇಳಿಯುವ ಮೊದಲೇ ಮೇಸ್ತ್ರಿ ಇಬ್ಬರು ಆಳುಗಳೊಂದಿಗೆ ತಿರುಗಿ ಬಂದ. ಊಟಕ್ಕೆ ಕೂತಾಗ ಹೆನುತ್ ಅವನಿಗೆ ಉಪ್ಪಿನ ಮಾತನ್ನು ನಗುನಗುತ್ತ ಹೇಳಿರಬೇಕು. ಅವಳು ಬೇಕೆಂದೇ ಹೇಳಿದಳೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಮೇಸ್ತ್ರಿ ಐಗುಪ್ತದವನಾದರೂ ನಮ್ಮ ನಡುವೆ ಬೆಳೆದವನು, ನಮ್ಮ ಮನೆಗಳ ಒಳಗಿನದೆಲ್ಲ ಬಲ್ಲವನು.

"ಹಲ್ಲು ನೋವಂತೆ. ಎಲ್ಲಿ, ಕೈ ತೋರಿಸು."

ಅವ್ವ ಮುಷ್ಟಿ ಬಿಗಿದಳು. ಅವನು ಒಂದೊಂದೇ ಬೆರಳು ಬಿಡಿಸಿದ. ಅಂಗೈಯ ಗೆರೆಗಳಲ್ಲಿ ಎಣ್ಣೆ, ಎಣ್ಣೆಗೆ ಅಂಟಿದ ಉಪ್ಪು.

"ಸತ್ತ ಕೂಸಿಗೂ ಹಚ್ತೀರೇನು?"

ಬುಟ್ಟಿಯಲ್ಲಿ ಕೂಳೆ ಸರಸರ ಅಂದಿತು.

ಬುಟ್ಟಿ ಹೊತ್ತ ಆಳುಗಳ ಹಿಂದೆ ಹೊಗ್ಲಾ ನದಿಯವರೆಗೂ ಓಡಿದಳು, ಹಸಿ ಬಾಣಂತಿ. ದಾರಿಯುದ್ದಕ್ಕೂ ರಕ್ತ. ನಾನು ಅವಳನ್ನು ಹೊತ್ತು ತಂದೆ. ತಮ್ಮ ಕಾಲಿನ ಕೆಸರೂ ತೊಳೆಯದೆ ಬಂದು ಹೊಸಿಲ ಮೇಲೆ ಕೂತ. ಓಣಿಯಿಂದ ಯಾರೂ ಬರಲಿಲ್ಲ. ಆ ಮಗುವಿಗಾಗಿ ಬೆಳಿಗ್ಗೆಯೇ ಎಲ್ಲರೂ ಅತ್ತು ಮುಗಿಸಿದ್ದರು. ಹೊಗ್ಲಾ ಹಿತ್ತಲಿಗೆ ತೆವಳಿಕೊಂಡು ಹೋಗಿ ಬರಿಯ ಗುಂಡಿಯ ಪಕ್ಕದಲ್ಲಿ ಮಲಗಿದಳು. ಒಳಗೆ ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಅವ್ವನನ್ನು ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವಳು ಇನ್ನಷ್ಟು ಕಾಲ ಬದುಕುತ್ತಿದ್ದಳೇನೋ.

ಅವ್ವ ಇನ್ನೂ ಇದ್ದಾಗಲೇ ಹೊಗ್ಲಾಗೆ ಹೆಣ್ಣು ಹುಟ್ಟಿತು. ಉಪ್ಪಿನ ಬಟ್ಟಲನ್ನು ತಾನೇ ಅತ್ತೆಯ ಮುಂದೆ ಸರಿಸಿದಳು.

"ಹಚ್ಚಿ ಅತ್ತೆ."

ಅವ್ವ ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು ಗೋಡೆಯ ಕಡೆ ತಿರುಗಿದಳು. ನಾನೇ ಹಚ್ಚಿದೆ. ಮಗು ಓಣಿಗೆಲ್ಲ ಕೇಳುವಂತೆ ಕಿರುಚಿತು. ಹಳೆಯ ಭಯಕ್ಕೆ ನನ್ನ ಕೈ ಅದರ ಬಾಯಿಗೆ ಹೋಯಿತು.

ಹೊಗ್ಲಾ ನನ್ನ ಕೈ ಸರಿಸಿದಳು. "ಬಿಡು ಅಕ್ಕಾ. ಇದು ಅಳಬಹುದು."